ಮೇಲಿನ ಹಾಳೆಯ ಮಸಿ

ಗುಲಾಬಿ — ಗುಲಾಬಿಯೂ ಅಲ್ಲ, ಕೆಂಪು ರೋಲರ್ ಒರೆಸಿದ ಬಟ್ಟೆಯನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಮೂರನೇ ಸಲ ಅದ್ದಿದಾಗ ಬಿಡುತ್ತದಲ್ಲ, ಕೆಂಪು ಸತ್ತು ಅದರ ನೆನಪು ಮಾತ್ರ ಉಳಿದಂಥ ಬಣ್ಣ, ಅದು ಕಾರ್ಡಿನ ಪುಟ್ಟ ಕಿಟಕಿಯೊಳಗೆ ತೆವಳಿಕೊಂಡು ಏರುತ್ತಿದೆ, ಹೀರುವ ಕಾಗದಕ್ಕೆ ಒದ್ದೆ ಏರಿದ ಹಾಗೆ, ಏರಲಿ, ಏರಿ ಮುಗಿಯಲಿ, ಹಿಂದೆ ಬಿಳಿ ಬಿಟ್ಟು ಹೋಗಲಿ, ಇಪ್ಪತ್ತು ನಿಮಿಷ ಅಂದಿದ್ದಾರೆ ಸಿಸ್ಟರ್, ಇಪ್ಪತ್ತು ನಿಮಿಷದಲ್ಲಿ ಅವಳು ಪ್ರೆಸ್ಸಿನಲ್ಲಿ ಎಂಟು ಸಾವಿರ ಹಾಳೆ ಕಣ್ಣಾಡಿಸಿ ಬಿಸಾಕುವವಳು, ಎಂಟು ಸಾವಿರ ಅಂದರೆ ಎಂಟುನೂರು, ಅವಳ ಮಾತನ್ನು ಒಂದು ಸೊನ್ನೆ ಕಳೆದು ಕೇಳಬೇಕೆಂದು ಪ್ರೆಸ್ಸಿನ ಬಾಗಿಲು ಕಾಯುವ ಮುದುಕನಿಗೂ ಗೊತ್ತು, ಆದರೆ ಕಣ್ಣಿನ ವಿಷಯಕ್ಕೆ ಬಂದರೆ ಯಾರೂ ಸೊನ್ನೆ ಕಳೆಯುವುದಿಲ್ಲ, ಲೋಕದಲ್ಲಿ ಅಂಥ ಕಣ್ಣು ಎರಡೇ ಇರುವುದು, ಎರಡೂ ಅವಳ ಮುಖದಲ್ಲೇ ಇವೆ, ಅದಕ್ಕೇ ಅಲ್ಲವೇ ಬೈಂಡಿಂಗಿನ ಹೆಂಗಸರೆಲ್ಲ ಅವಳನ್ನು ಹದ್ದಕ್ಕ ಅನ್ನುವುದು, ಹದ್ದಿಗೂ ಅಷ್ಟು ಕಾಣುವುದಿಲ್ಲ ಪಾಪ, ಮೇಲಿಂದ ಇಲಿ ಕಂಡೀತು, ಹಳದಿಯ ಮೇಲೆ ನೀಲಿ ಒಂದು ಕೂದಲಿನಷ್ಟು ಸರಿದದ್ದು ಕಂಡೀತೇ? ಆ ಕಣ್ಣಿಗೆ ಈಗ ಒಂದೇ ಕೆಲಸ, ಬೆಂಕಿಪೊಟ್ಟಣಕ್ಕಿಂತ ಒಂದು ಬೆರಳು ಉದ್ದದ ಈ ಪ್ಲಾಸ್ಟಿಕ್ ಕಾರ್ಡು ನೋಡುವುದು, ಒಂದು ತುದಿಯಲ್ಲಿ ಗುಂಡಿ, ಗುಂಡಿಯಲ್ಲಿ ಮಗಳ ಬೆರಳಿನ ಒಂದು ತೊಟ್ಟು ರಕ್ತ, ಅದರ ಮೇಲೆ ಸಿಸ್ಟರ್ ಹಾಕಿದ ಎರಡು ಹನಿ ನೀರಿನಂಥದ್ದು, ಮಧ್ಯೆ ಕಿಟಕಿ, ಕಿಟಕಿಯ ಪಕ್ಕ ಸಿ ಎಂದು ಒಂದು ಅಕ್ಷರ, ಟಿ ಎಂದು ಒಂದು ಅಕ್ಷರ, ಸಿ ಪಕ್ಕ ಗೆರೆ ಬಂದೇ ಬರುತ್ತದೆ, ಕಾರ್ಡು ಸರಿಯಾಗಿದೆ ಅಂತ ಸಾರುವುದಕ್ಕೆ, ಟಿ ಪಕ್ಕ ಬಾರದಿದ್ದರೆ ಮಗಳು ಪಾರು, ಬಂದರೆ ತಾಯಿಯ ರಕ್ತದಲ್ಲಿರುವುದೇ ಒಂದೂವರೆ ವರ್ಷದ ಆ ಮೈಯಲ್ಲೂ ಇದೆ ಎಂದು ಲೆಕ್ಕ, ಎಚ್‌ಐವಿ, ಮೂರಕ್ಷರ, ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಬಾಯಿ ಆ ಮೂರಕ್ಷರಕ್ಕೆ ಮಾತ್ರ ಬೀಗ ಹಾಕಿಕೊಂಡಿದೆ — ಏಯ್, ಅಷ್ಟು ಬಗ್ಗಬೇಡಮ್ಮ, ನಿನ್ನ ಉಸಿರಿಗೇ ಕಾರ್ಡು ಹಾರಿಹೋಗತ್ತೆ, ಎಂದು ಸಿಸ್ಟರ್ ದಪ್ಪ ರಿಜಿಸ್ಟರನ್ನು ಮೇಜಿನ ಮೇಲೆ ಗೋಡೆಯ ಹಾಗೆ ನಿಲ್ಲಿಸಿಬಿಟ್ಟರು, ಕಾರ್ಡು ಅತ್ತ, ಅವಳು ಇತ್ತ, ನೋಡ್ತಾ ಕೂತ್ರೆ ಗೆರೆ ಬೇಗ ಬರತ್ತಾ, ತಡ ಆಗತ್ತಾ, ಸುಮ್ನೆ ಕೂತ್ಕೋ, ಇಪ್ಪತ್ತು ನಿಮಿಷಕ್ಕೆ ತಿರುಗಿಸಿಟ್ಟ ಪುಟ್ಟ ಗಂಟೆ ಕರಕರ ಅನ್ನುತ್ತ ಕೂತಿದೆ, ಹುಳು ಕಾಗದ ತಿಂದ ಹಾಗೆ, ಆ ಗೋಡೆಯ ಹಿಂದೆ, ಆ ಕಿಟಕಿಯಲ್ಲಿ, ಟಿ ಪಕ್ಕದ ಆ ಜಾಗ.

ಆ ಜಾಗವನ್ನು ಅವಳು ಬಲ್ಲಳು, ತನ್ನ ಅಂಗೈಯನ್ನೂ ಅಷ್ಟು ಬಲ್ಲಳೋ ಇಲ್ಲವೋ, ಮೊದಲು ಕಂಡದ್ದು ಮಗಳಿಗೆ ಹತ್ತು ತಿಂಗಳಾದಾಗ, ಮೂರು ದಿನ ಜ್ವರ, ಮೈ ಮುಟ್ಟಿದರೆ ಕೈ ಸುಟ್ಟು ಬೊಬ್ಬೆ ಬರುವಷ್ಟು, ಚುಕ್ಕಿ ಎಂದು ಕರೆದರೆ ಕಣ್ಣು ತೆರೆಯದು, ಚುಕ್ಕಿ ಎಂದರೆ ಅಡ್ಡಹೆಸರು, ಹುಟ್ಟಿದಾಗ ಅಷ್ಟೇ ಇದ್ದಳು, ಭೂತಗನ್ನಡಿ ಹಿಡಿದು ಹುಡುಕಬೇಕಿತ್ತು, ಜ್ವರ ಬಿಟ್ಟಿತು, ಅವಳ ಭಯ ಬಿಡಲಿಲ್ಲ, ಇದು ಬರೀ ಜ್ವರವೇ ಅಥವಾ ಅದೇ ಬಂದಿತೇ, ಆಸ್ಪತ್ರೆಗೆ ಹೋದರೆ ಅಲ್ಲಿನ ಮೇಷ್ಟ್ರು ಬೈಯುತ್ತಾರೆ, ಒಂಬತ್ತು ತಿಂಗಳಿಗೆ ತಾನೇ ಪರೀಕ್ಷೆ ಮಾಡಿದ್ದೀವಲ್ಲ ತಾಯಿ ಅಂತ, ಅದಕ್ಕೆ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಹಲ್ಲಿನ ಡಾಕ್ಟರ ಮಹಡಿಯ ಕೆಳಗೆ ಒಬ್ಬ ಮುದುಕ ಇಟ್ಟುಕೊಂಡ ರಕ್ತ ಪರೀಕ್ಷೆಯ ಕೋಣೆಗೆ ಹೋದಳು, ಯಾರ ಮಗು ಎಂದ, ಅಕ್ಕನದು ಎಂದಳು, ಮುದುಕ ಬೆರಳು ಚುಚ್ಚಿದ, ಕಾರ್ಡು ಇಟ್ಟ, ಹತ್ತು ನಿಮಿಷಕ್ಕೇ ಎರಡು ಗೆರೆ, ಅಳತೆಗೋಲು ಇಟ್ಟು ಮುದ್ರಿಸಿದ ಹಾಗೆ ಎರಡು, ಸಿ ಪಕ್ಕ ಒಂದು, ಟಿ ಪಕ್ಕ ಒಂದು, ನಾಲಿಗೆ ಹೊರಳಲಿಲ್ಲ, ಅವಳ ನಾಲಿಗೆ ಹೊರಳದೆ ಹೋದದ್ದು ಹುಟ್ಟಿದ ಮೇಲೆ ಅದೇ ಮೊದಲು, ಅಲ್ಲಿಂದ ಓಡಿದ್ದು ನೇರ ಇದೇ ಕೋಣೆಗೆ, ಓಡಿದ ವೇಗಕ್ಕೆ ದಾರಿಯಲ್ಲಿ ಎರಡು ಬಸ್ಸು ಹಿಂದೆ ಬಿದ್ದವು, ಮೇಷ್ಟ್ರು, ಅಂದರೆ ಇಲ್ಲಿ ಕೂತು ಬಂದವರಿಗೆಲ್ಲ ತಿಳಿಹೇಳುವ ಮನುಷ್ಯ, ಪಾಠಶಾಲೆಗೂ ಅವರಿಗೂ ಸಂಬಂಧವಿಲ್ಲ, ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಬರೆಯದೆ ಎರಡು ಮಾತು ಬಾರದು ಎಂದು ಆ ಹೆಸರು, ಅವಳು ಏದುಸಿರು ಬಿಡುತ್ತ ಕಾರ್ಡು ಚಾಚಿದರೆ ಅವರು ನಕ್ಕೇಬಿಟ್ಟರು, ನಗುತ್ತೀರಾ ಮೇಷ್ಟ್ರೇ, ನನ್ನ ಮನೆ ಮುಳುಗಿದೆ ನಗುತ್ತೀರಾ, ನಗದೆ ಇನ್ನೇನು ಮಾಡಲಿ ತಾಯಿ, ಈ ಕಾರ್ಡು ವೈರಸ್ಸನ್ನ ಹುಡುಕೋದೇ ಇಲ್ಲ, ವೈರಸ್ಸು ಬಂದ್ರೆ ಹಿಡಿಯೋಕೆ ಅಂತ ಮೈ ತಯಾರು ಮಾಡಿಟ್ಟಿರತ್ತಲ್ಲ ಕಾವಲುಗಾರರು, ಪ್ರತಿಕಾಯ ಅಂತೀವಿ, ಅವು ಇದಾವಾ ಅಂತ ನೋಡತ್ತೆ ಅಷ್ಟೆ, ನಿನ್ನ ಮೈಲಿ ಅವು ಗಿಜಿಗುಡ್ತಿವೆ, ಹೊಟ್ಟೇಲಿದ್ದಾಗ ಕೂಸಿಗೆ ದಾಟಿವೆ, ದಡಾರದ್ದೂ ದಾಟಿವೆ, ಇನ್ನೊಂದರದ್ದೂ ದಾಟಿವೆ, ಇದರದ್ದೂ ದಾಟಿವೆ, ಇದು ಬೇಕು ಇದು ಬೇಡ ಅಂತ ಆರಿಸಿ ಕಳ್ಸೋಕೆ ಮೈಗೆ ಬರಲ್ಲ, ಹಾಗಾದ್ರೆ ಇದು ಅವಳದಲ್ಲವಾ, ಅಲ್ಲ, ನಿಂದು, ನಿನ್ನ ಗೆರೆ ಅವಳ ಕಾರ್ಡಲ್ಲಿ ಬಂದಿದೆ, ಒಂದೂವರೆ ವರ್ಷ ತುಂಬೋ ಹೊತ್ತಿಗೆ ನೀನು ಕೊಟ್ಟಿದ್ದೆಲ್ಲ ಕರಗತ್ತೆ, ಆಮೇಲೂ ಗೆರೆ ಇದ್ರೆ ಆಗ ಯೋಚನೆ, ವೈರಸ್ಸನ್ನೇ ನೇರ ಹುಡುಕೋ ಪರೀಕ್ಷೆ ಬೇರೆ, ಆರು ವಾರಕ್ಕೆ ಮಾಡಿದೀವಿ, ಒಂಬತ್ತು ತಿಂಗಳಿಗೆ ಮಾಡಿದೀವಿ, ಎರಡ್ರಲ್ಲೂ ಇಲ್ಲ — ಆಗ ಅವಳಿಗೆ ಥಟ್ಟನೆ ಹೊಳೆಯಿತು, ಮೇಷ್ಟ್ರೇ, ಇದು ಮಸಿ ಹತ್ತಿದ್ದು! ಹಾಗಂದ್ರೆ? ಅಯ್ಯೋ ನಿಮಗೇನು ಗೊತ್ತು, ಅಚ್ಚಾದ ಹಾಳೆ ಒಣಗೋ ಮುಂಚೆ ಒಂದರ ಮೇಲೊಂದು ಪೇರಿಸಿದ್ರೆ ಒಂದರ ಮಸಿ ಇನ್ನೊಂದರ ಬೆನ್ನಿಗೆ ಹತ್ತತ್ತೆ, ಹೊಸಬರು ನೋಡಿ ಹಾಳೆ ಕೆಟ್ಟಿದೆ ಅಂತ ಬೊಬ್ಬೆ ಹೊಡೀತಾರೆ, ಹಾಳೆಗೆ ಏನೂ ಆಗಿರಲ್ಲ, ಅದರ ಅಚ್ಚೇ ಅಲ್ಲ ಅದು, ಮೇಲಿನ ಹಾಳೆದು, ಒಂಬತ್ತು ತಿಂಗಳು ನನ್ನ ಕೆಳಗೇ ಇದ್ದಳಲ್ಲ ಇವಳು, ನಾನು ಇನ್ನೂ ಹಸಿ — ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಅವಳನ್ನೇ ನೋಡಿದರು, ಮರುವಾರದಿಂದ ಬಂದ ತಾಯಂದಿರಿಗೆಲ್ಲ ಎರಡು ಹಾಳೆ ಹಿಡಿದು ಅದನ್ನೇ ಹೇಳಲು ಶುರುಮಾಡಿದರು, ಹೀಗಾಗಿ ಈ ಆಸ್ಪತ್ರೆಯಲ್ಲಿ ಬುದ್ಧಿ ಕಲಿತ ಹತ್ತು ಸಾವಿರ ಹೆಂಗಸರು ನಿಜವಾಗಿ ಅವಳ ಶಿಷ್ಯೆಯರೇ, ಸೊನ್ನೆ ಎಷ್ಟಾದರೂ ಕಳೆದುಕೊಳ್ಳಿ, ಮಾತು ಅವಳದೇ, ಅಂಥವಳು, ಎಲ್ಲ ಬಲ್ಲವಳು, ಎಲ್ಲರಿಗೂ ಹೇಳಿಕೊಟ್ಟವಳು, ತಾನು ಮಾತ್ರ ಕಲಿಯದೆ ಹೋದಳು.

ಹೊರಗೆ ಪಡಸಾಲೆಯ ಬೆಂಚಿನಿಂದ ಚುಕ್ಕಿಯ ಅಳು ಕೇಳುತ್ತಿದೆ, ಬೆರಳು ಚುಚ್ಚಿದ ಅಳು ಮುಗಿದು ಈಗ ಬರೀ ಸೇಡಿನ ಅಳು, ಅಪ್ಪನ ಭುಜಕ್ಕೆ ಮೂಗು ಒರೆಸುತ್ತ ಅಳುವುದು, ಅಪ್ಪನ ದನಿ ಮಾತ್ರ ಇಲ್ಲ, ಆ ಮನುಷ್ಯ ದಿನಕ್ಕೆ ಆಡುವುದು ನಾಲ್ಕು ಮಾತು, ಅದರಲ್ಲಿ ಮೂರು ಮೆಷಿನ್ನಿಗೆ, ಮದುವೆಗೆ ಮುಂಚೆ ಅವನ ಮೆಷಿನ್ನಿನಿಂದ ಇಳಿದ ಕ್ಯಾಲೆಂಡರಿನಲ್ಲಿ ನಗುವ ಕೂಸೊಂದರ ಕೆನ್ನೆಯ ಮೇಲೆ ಸಾಸಿವೆಕಾಳಿನ ಸಾವಿರದಲ್ಲೊಂದು ಪಾಲಿನಷ್ಟು ನೀಲಿ ಕಂಡು ಅವಳು ನಾಲ್ಕು ಸಾವಿರ ಹಾಳೆ ತಿರಸ್ಕರಿಸಿದಳು, ಅವನು ಬಂದು ನಿಂತ, ನೋಡಿದ, ಎಲ್ಲಿ ಎಂದ, ಇಲ್ಲಿ ಎಂದಳು, ಭೂತಗನ್ನಡಿ ಇಟ್ಟು ನೋಡಿದ, ಹೌದು ಎಂದ, ಅಷ್ಟೇ, ಹೌದು ಎಂದ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ, ಕಟ್ಟಿಕೊಂಡಳು, ಆಮೇಲೆ ಬಸುರಿನ ನಾಲ್ಕನೇ ತಿಂಗಳಲ್ಲಿ ಇದೇ ಸಿಸ್ಟರ್ ಇಬ್ಬರನ್ನೂ ಕೂರಿಸಿ ಇಬ್ಬರಿಗೂ ಹೇಳಿದರು, ಇಬ್ಬರಲ್ಲೂ ಇದೆ ಅಂತ, ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಅವನು, ಕೇಳೋದು ಬೇಡ ಕಣೇ, ನೀನೂ ಕೇಳ್ಬೇಡ ನಾನೂ ಕೇಳಲ್ಲ, ಯಾರಿಂದ ಯಾರಿಗೆ ಅಂತ, ಸರಿ ರೀ ಎಂದಳು, ಆ ಸರಿ ಇವತ್ತಿಗೂ ಸರಿಯಾಗಿಯೇ ಇದೆ, ಮಾತ್ರೆ ಶುರುವಾಯಿತು, ಬೆಳಿಗ್ಗೆ ಎಂಟಕ್ಕೆ, ನಿನ್ನ ಮೈಲಿರೋ ವೈರಸ್ಸನ್ನ ಮಾತ್ರೆ ಮಲಗಿಸಿಡತ್ತೆ, ಮಲಗಿದ್ದು ಕೂಸಿಗೆ ದಾಟಲ್ಲ, ಹೆರಿಗೇಲೂ ದಾಟಲ್ಲ, ಹಾಲಲ್ಲೂ ದಾಟಲ್ಲ, ಒಂದು ದಿನ ತಪ್ಪಿಸ್ಬೇಡ ಅಷ್ಟೆ ಎಂದರು ಮೇಷ್ಟ್ರು, ತಪ್ಪಿಸುವುದುಂಟೇ, ಅವಳು ಮಾತ್ರೆ ಬಾಯಿಗೆ ಹಾಕುವ ಹೊತ್ತಿಗೆ ಬೀದಿಯವರು ಗಡಿಯಾರ ತಿದ್ದಿಕೊಳ್ಳುತ್ತಿದ್ದರು, ಪ್ರತಿ ತಿಂಗಳೂ ಇದೇ ಕುರ್ಚಿಯಲ್ಲಿ ಕೂತು ಎದೆ ತಟ್ಟಿಕೊಂಡು ಹೇಳಿದ್ದಾಳೆ, ಸೂರ್ಯ ತಪ್ಪಿಸಬಹುದು, ನಾನು ತಪ್ಪಿಸಲ್ಲ — ತಪ್ಪಿಸಿದ್ದಳು. ಎರಡು ದಿನ. ಮಗಳಿಗೆ ಹನ್ನೆರಡು ತಿಂಗಳು ಆಗುತ್ತಿದ್ದ ಹಾಗೆ, ಶಾಲೆ ತೆರೆಯುವ ಮುಂಚೆ, ಪಠ್ಯಪುಸ್ತಕದ ಹಾಳೆಗಳು ಬೆಟ್ಟದಂತೆ ಬಿದ್ದಿದ್ದವು, ಎರಡು ಪಾಳಿ ಒಂದೇ ಸಮನೆ, ಮಗುವನ್ನು ಬೈಂಡಿಂಗಿನ ಮೂಲೆಯಲ್ಲಿ ಕಾಗದದ ಕತ್ತರಿಕೆಗಳ ರಾಶಿಯಲ್ಲಿ ಮಲಗಿಸಿ ನಡುನಡುವೆ ಹೋಗಿ ಹಾಲು ಕೊಟ್ಟು ಬರುವಳು, ಮಾತ್ರೆಯ ಡಬ್ಬಿ ಮನೆಯಲ್ಲಿ ಉಳಿಯಿತು, ಹೋಗಿ ತರುತ್ತೇನೆ ಅಂದುಕೊಂಡಳು, ಇನ್ನೊಂದು ಕಟ್ಟು ಮುಗಿಸಿ ಅಂದುಕೊಂಡಳು, ಎರಡು ಬೆಳಿಗ್ಗೆ ಹೋಯಿತು, ಎರಡೂ ದಿನ ಹಾಲು ಕೊಟ್ಟಳು, ಕತ್ತರಿಕೆಗಳ ಬಿಳಿ ರಾಶಿ, ಅದರಲ್ಲಿ ಮಲಗಿ ಹಾಲು ಕುಡಿಯುವ ಬಾಯಿ, ಕೆನ್ನೆಗೆ ಅಂಟಿದ ಕಾಗದದ ಎಳೆ, ಆ ತಿಂಗಳೂ ಇಲ್ಲಿ ಬಂದು ಎದೆ ತಟ್ಟಿಕೊಂಡಳು, ಸೂರ್ಯ ತಪ್ಪಿಸಬಹುದು, ಸಿಸ್ಟರ್ ನಗುತ್ತ ಬರೆದುಕೊಂಡರು, ಒಂದೂ ತಪ್ಪಿಲ್ಲ, ಆ ತಿಂಗಳ ಕೊನೆಗೆ ಹಾಲು ಬಿಡಿಸಿದರು, ಮುಂದಿನ ಪರೀಕ್ಷೆ ಹದಿನೆಂಟು ತಿಂಗಳಿಗೆ, ಅಂದರೆ ಇವತ್ತು.

ಹದಿನೆಂಟರವರೆಗೆ ಕಾಯುವವರು ಬೇರೆ ಯಾರೋ ಇರಬೇಕು, ಅವಳು ಬಣ್ಣ ನೋಡುವವಳು, ಮೆಷಿನ್ ಓಡುತ್ತಿರುವಾಗ ಕೊನೆಯ ಹಾಳೆ ಬರಲಿ ನೋಡೋಣ ಎಂದು ಕೈಕಟ್ಟಿ ಕೂರುತ್ತಾರೆಯೇ, ನೂರಕ್ಕೊಂದು ಹಾಳೆ ಎಳೆದು ನೋಡಬೇಕು, ಹಾಳೆಯ ಅಂಚಿನಲ್ಲಿ ಬಣ್ಣದ ಪಟ್ಟಿ ಇರುತ್ತದೆ, ನೂರರಿಂದ ಐದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ತಿಳಿಯಾಗುತ್ತ ಹೋಗುವ ಚೌಕಗಳು, ಅದರ ಪಕ್ಕ ಇಟ್ಟು ಹೋಲಿಸಬೇಕು, ಹಾಗೇ ಪ್ರತಿ ತಿಂಗಳೂ ಮುದುಕನ ಕೋಣೆಗೆ, ಪ್ರತಿ ತಿಂಗಳೂ ಅಕ್ಕನ ಮಗು, ಪ್ರತಿ ತಿಂಗಳೂ ಒಂದು ಬೆರಳು, ಕಾರ್ಡು ಬಿಸಾಕಬೇಡಿ ಅಂತ ಕೇಳಿ ಇಸಕೊಂಡು ಬಂದು, ಮನೆಯಲ್ಲಿ ಬಾಗಿಲು ಹಾಕಿಕೊಂಡು, ಭೂತಗನ್ನಡಿಯಲ್ಲಿ ಆ ಗೆರೆಯನ್ನು ಕೆಂಪು ಪಟ್ಟಿಯ ಪಕ್ಕ ಇಟ್ಟು, ಹತ್ತನೇ ತಿಂಗಳು ಎಂಬತ್ತು, ಹನ್ನೊಂದು ಎಪ್ಪತ್ತು, ಹನ್ನೆರಡು ಐವತ್ತು, ಇಳಿಯುತ್ತಿದೆ, ಮಸಿ ಬಿಡುತ್ತಿದೆ, ಹದಿಮೂರು ನಲವತ್ತು, ಹದಿನಾಲ್ಕು ಮೂವತ್ತು, ಪ್ರತಿ ಸಲ ಇಳಿದಾಗಲೂ ಸಂತೋಷದ ಜೊತೆಗೇ ಇನ್ನೊಂದು ಏನೋ, ಹೆಸರಿಲ್ಲದ್ದು, ಎದೆಯ ಒಂದು ಮೂಲೆಯಲ್ಲಿ, ಇದು ನನ್ನ ಗೆರೆ, ನನ್ನ ಕೈಬರಹ ಇವಳಲ್ಲಿ ಅಳಿಸಿಹೋಗುತ್ತಿದೆ, ಅಳಿಸಿಹೋಗಲೇಬೇಕು ಎಂದು ನಾನೇ ಕಾಯುತ್ತಿದ್ದೇನೆ, ಎಂಥ ತಾಯಿ ತನ್ನ ಗುರುತು ಮಗಳಲ್ಲಿ ಉಳಿಯಬಾರದು ಎಂದು ಬೇಡಿಕೊಳ್ಳುತ್ತಾಳೆ, ಹದಿನೈದು ಇಪ್ಪತ್ತು, ಹದಿನಾರು ಹತ್ತು, ಬರಿಗಣ್ಣಿಗೆ ಕಾಣದು, ಅವಳಿಗೆ ಕಾಣುತ್ತದೆ, ಹತ್ತು, ಮುಂದಿನ ತಿಂಗಳು ಐದು, ಆಮೇಲೆ ಬಿಳಿ, ಹದಿನೇಳನೇ ತಿಂಗಳ ಕಾರ್ಡನ್ನು ಹಾಡು ಗುನುಗುತ್ತ ಮನೆಗೆ ತಂದಳು, ಭೂತಗನ್ನಡಿ ಇಟ್ಟಳು — ಮೂವತ್ತು. ಪಟ್ಟಿಯನ್ನು ಸರಿಸಿ ಮತ್ತೆ ಇಟ್ಟಳು, ಕಿಟಕಿಯ ಬೆಳಕಿಗೆ ಒಯ್ದಳು, ಮೂವತ್ತು, ಮಸಿ ಹತ್ತಿದ್ದು ಎಂದಾದರೂ ಗಾಢವಾಗುವುದುಂಟೇ, ಮೇಲಿನ ಹಾಳೆ ತೆಗೆದ ಮೇಲೆ ಕೆಳಗಿನದರಲ್ಲಿ ಮಸಿ ಹೆಚ್ಚಾದರೆ ಅದು ಮೇಲಿನ ಹಾಳೆಯದಲ್ಲ, ಆ ಹಾಳೆ ತಾನೇ ಅಚ್ಚಾಗುತ್ತಿದೆ, ಅಂದರೆ ಇವು ನನ್ನ ಕಾವಲುಗಾರರಲ್ಲ, ಅವಳ ಮೈ ತಾನೇ ಎಬ್ಬಿಸಿ ನಿಲ್ಲಿಸುತ್ತಿರುವ ಕಾವಲುಗಾರರು, ಹಿಡಿಯಲು ಒಳಗೆ ಏನೋ ಬಂದಿದೆ, ಎರಡು ಬೆಳಿಗ್ಗೆ, ಕಾಗದದ ಎಳೆ ಅಂಟಿದ ಕೆನ್ನೆ, ಗುಟುಕು ಗುಟುಕು ಎಂದು ಹಾಲು, ಆವತ್ತಿನಿಂದ ಮೂವತ್ತು ದಿನ ಅವಳು ಪ್ರೆಸ್ಸಿನಲ್ಲಿ ಒಂದು ಸುಳ್ಳು ಹೇಳಲಿಲ್ಲ, ಒಂದು ಜಂಬ ಕೊಚ್ಚಲಿಲ್ಲ, ಹದ್ದಕ್ಕನಿಗೆ ಮೈ ಸರಿ ಇಲ್ಲ ಎಂದರು, ಬಾಗಿಲ ಮುದುಕ ಕಷಾಯ ಮಾಡಿಕೊಂಡು ಬಂದ, ಗಂಡ ರಾತ್ರಿ ಊಟ ಮಾಡುತ್ತ ಕೈ ನಿಲ್ಲಿಸಿ ಅವಳ ಮುಖ ನೋಡಿದ, ಏನೇ, ಎಂದ, ಏನಿಲ್ಲ ರೀ ಎಂದಳು, ಆ ದಿನದ ಅವನ ನಾಲ್ಕನೇ ಮಾತು ವ್ಯರ್ಥವಾಯಿತು.

ಕರಕರ ಇನ್ನೂ ನಡೆದಿದೆ, ಸಿಸ್ಟರ್ ಹತ್ತಿ ಉಂಡೆ ಕಟ್ಟುತ್ತಿದ್ದಾರೆ, ಮೇಷ್ಟ್ರು ಬಾಗಿಲು ತಳ್ಳಿಕೊಂಡು ಬಂದರು, ಏನು ತಾಯಿ, ನಿನ್ನ ಮಗಳ ಕೈ ನೋಡಿದೆ ಹೊರಗೆ, ಬೆರಳ ತುದಿಯೆಲ್ಲ ಚುಕ್ಕೆ ಚುಕ್ಕೆ, ಇರುವೆ ಕಚ್ಚಿದ್ದಾ, ಇರುವೆ ಎಂದರೆ ಮುಗಿಯುತ್ತಿತ್ತು, ನೂರು ಇರುವೆ, ಸಾವಿರ ಇರುವೆ, ಆನೆಯಂಥ ಇರುವೆ, ಬಾಯಿಗೆ ಬಂದಿತ್ತು ಕೂಡ, ಗಂಡ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ, ಮಗು ತನ್ನ ಬೆರಳನ್ನು ತಾನೇ ಮೇಲೆತ್ತಿ ಎಲ್ಲರಿಗೂ ತೋರಿಸುತ್ತಿದೆ, ನೋಡಿ ಏನು ಮಾಡಿದರು ಅಂತ, ಆ ಬೆರಳು — ನಾನೇ ಮೇಷ್ಟ್ರೇ. ನೀನೇ ಏನು? ನಾನೇ ಚುಚ್ಚಿಸಿದ್ದು, ಹಿಂದಿನ ಬೀದಿ ಮುದುಕನ ಹತ್ರ, ಎಂಟು ಸಲ, ಆಮೇಲೆ ಮಾತ್ರೇನೂ ತಪ್ಪಿಸಿದೀನಿ, ಎರಡು ದಿನ, ಹಾಲು ಕೊಡ್ತಿದ್ದಾಗ್ಲೇ. ಸಿಸ್ಟರ್ ಕೈಯ ಹತ್ತಿ ಹಾಗೇ ನಿಂತಿತು, ಎರಡು ದಿನ ಅಂದ್ರೆ ಎಷ್ಟು, ನೀನು ಹೇಳೋದ್ರಲ್ಲಿ ಯಾವುದನ್ನ ನಂಬ್ಲಿ ಅಮ್ಮಾ, ಇಷ್ಟು ದಿನ ಸೂರ್ಯ ಗೀರ್ಯ ಅಂತಿದ್ದೆ, ಗಂಡ ಬಾಗಿಲಿನಿಂದಲೇ ಹೇಳಿದ, ಎಂಟರಲ್ಲಿ ಕಳೆಯೋಕೆ ಸೊನ್ನೆ ಎಲ್ಲಿದೆ ಸಿಸ್ಟರ್, ಎರಡರಲ್ಲೂ ಇಲ್ಲ, ನಿಜಾನೇ ಹೇಳ್ತಿದಾಳೆ. ಆಮೇಲೆ ಅವಳ ಕಡೆ ತಿರುಗಿ, ನಂಗೂ ಹೇಳ್ಲಿಲ್ವಲ್ಲೇ. ಹೇಗೆ ಹೇಳ್ಲಿ ರೀ. ಬಾಯಲ್ಲಿ. ಅಷ್ಟೇ ಅಂದು ಮಗುವಿನ ಬೆರಳನ್ನು ತನ್ನ ಮಸಿ ಹಿಡಿದ ದಪ್ಪ ಬೆರಳುಗಳ ಒಳಗೆ ಮುಚ್ಚಿಕೊಂಡ, ಅವಳಿಗೆ ಅವನು ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಆಮೇಲೆ ಅವಳು ಚೀಲದಿಂದ ಕವರು ತೆಗೆದಳು, ಎಂಟು ಕಾರ್ಡುಗಳನ್ನೂ ಮೇಜಿನ ಮೇಲೆ ಸುರಿದಳು, ಇದು ಹತ್ತು, ಇದು ಹನ್ನೊಂದು, ಇಳೀತಾ ಬಂತು ಮೇಷ್ಟ್ರೇ, ಆಮೇಲೆ ಇದು, ಹದಿನೇಳು, ಏರಿದೆ, ಮೂವತ್ತಾಗಿದೆ, ನನ್ನ ಮಸಿ ಆದ್ರೆ ಏರಬಾರದು, ಏರಿದೆ — ಮೇಷ್ಟ್ರು ಕಾರ್ಡುಗಳನ್ನು ನೋಡಲೇ ಇಲ್ಲ, ಅವಳನ್ನು ನೋಡಿದರು, ಒಣಗಿದ ಕಾರ್ಡನ್ನ ಹೊತ್ತು ಮೀರಿ ಓದಬಾರದು ತಾಯಿ, ಗೆರೆಯ ಬಣ್ಣ ಅಳೆಯೋಕೆ ಇವನ್ನ ಮಾಡೇ ಇಲ್ಲ, ಇದೆ ಇಲ್ಲ ಅಂತ ಹೇಳೋಕೆ ಅಷ್ಟೆ, ಎಂದು ಸುಮ್ಮನೆ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದರು, ಮೇಲಿನ ಟ್ಯೂಬ್‌ಲೈಟಿನ ಕೆಳಗೆ, ಎಂಟೂ ಒಟ್ಟಿಗೆ, ಭೂತಗನ್ನಡಿ ಇಲ್ಲದೆ, ಇಷ್ಟು ದಿನ ಅವಳು ಒಂದೊಂದನ್ನೇ ಕವರಿನಿಂದ ಎಳೆದು ಗಾಜಿನ ಕೆಳಗಿಟ್ಟು ನೋಡಿದ್ದು, ಗಾಜಿನಲ್ಲಿ ಗೆರೆ ಕಾಣುತ್ತದೆ, ಗೆರೆಯ ಸುತ್ತಲಿನದು ಕಾಣುವುದಿಲ್ಲ, ಈಗ ಏಳು ಕಾರ್ಡುಗಳು ಸ್ವಲ್ಪ ಹಳದಿ ಬಿಳಿ, ಎಂಟನೆಯದು ನೀಲಿ ಬಿಳಿ, ಏಳರ ಕಿಟಕಿಯ ಮೂಲೆ ಚೂಪು, ಎಂಟನೆಯದರ ಮೂಲೆ ಉರುಟು, ಅಕ್ಷರ ಬೇರೆ, ಪ್ಲಾಸ್ಟಿಕ್ ಬೇರೆ, ಬೇರೆ ಕಂಪನಿಯ ಕಾರ್ಡು, ಆ ತಿಂಗಳು ಮುದುಕ ಹೊಸ ಪೆಟ್ಟಿಗೆ ಒಡೆದದ್ದು ಅವಳ ಕಣ್ಣೆದುರೇ, ಹಸಿರು ಪೆಟ್ಟಿಗೆ, ಹಳೆಯದು ನೀಲಿ, ನೋಡಿದ್ದಳು, ನೋಡಿಯೂ — ಅಯ್ಯೋ, ಬೇರೆ ಮಸಿ, ಬೇರೆ ಕಾಗದ! ಒಂದು ಡಬ್ಬಿಯ ಕೆಂಪನ್ನು ಇನ್ನೊಂದು ಡಬ್ಬಿಯ ಕೆಂಪಿಗೆ ಹೋಲಿಸಿದ ಎಷ್ಟು ಮಂದಿಯ ಚಳಿ ಬಿಡಿಸಿದ್ದಾಳೆ ಅವಳು, ಒರಟು ಕಾಗದದ ಮೂವತ್ತು ನುಣುಪು ಕಾಗದದಲ್ಲಿ ಮೂವತ್ತಲ್ಲ ಎಂದು ಗಂಡನಿಗೇ ಮೂರು ದಿನ ಪಾಠ ಮಾಡಿದವಳು, ಅವನಿಗೂ ಕಂಡಿತು, ಬಗ್ಗಿ ನೋಡಿದ, ಎಂಟನೆಯದನ್ನು ಉಗುರಿನಲ್ಲಿ ಸರಿಸಿದ, ಬೇರೆ ಲಾಟು, ಎಂದ, ಹೌದು ಎಂದಳು, ಈ ಸಲ ಹೌದು ಎಂದದ್ದು ಅವಳು, ಅಷ್ಟಕ್ಕೇ ಕಾಲ ಕೆಳಗಿನ ನೆಲ ಒಂದು ಇಂಚು ಮೇಲೆ ಬಂದ ಹಾಗಾಯಿತು, ಆದರೆ ಒಂದೇ ಇಂಚು, ಏರಿದೆ ಅನ್ನುವುದು ಸುಳ್ಳಾದರೆ ಇಳಿದಿದೆ ಅನ್ನುವುದೂ ನಿಜವೆಂದೇನು, ಎಂಬತ್ತು ಎಪ್ಪತ್ತು ಐವತ್ತು ಎಲ್ಲ ಅವಳೇ ಬರೆದುಕೊಂಡ ಕತೆ, ಎರಡು ದಿನದ ಹಾಲು ಮಾತ್ರ ಕತೆಯಲ್ಲ, ಅದು ಕುಡಿದಾಗಿದೆ, ಮೇಷ್ಟ್ರೇ, ಆ ಎರಡು ದಿನ? ಮೇಷ್ಟ್ರು ಹಲಗೆಯ ಕಡೆ ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು, ಹಾಲು ಬಿಡಿಸಿ ಆರು ತಿಂಗಳಾಯ್ತು ತಾಯಿ, ಆಗ ದಾಟಿದ್ರೆ ಇಷ್ಟು ಹೊತ್ತಿಗೆ ಮಗು ಮೈ ತನ್ನದೇ ಪ್ರತಿಕಾಯ ಮಾಡಿರತ್ತೆ, ಗೆರೆ ಬರತ್ತೆ, ದಾಟಿಲ್ಲ ಅಂದ್ರೆ ನಿಂದೂ ಕರಗಿರತ್ತೆ, ಬರಲ್ಲ, ಬಂದ್ರೆ ಇವತ್ತೇ ವೈರಸ್ಸಿನ ಪರೀಕ್ಷೆಗೂ ರಕ್ತ ಕಳಿಸ್ತೀನಿ, ಕೆಲವು ಮಕ್ಕಳಲ್ಲಿ ತಾಯಿದು ಇನ್ನೂ ಒಂದಿಷ್ಟು ಉಳಿದಿರೋದೂ ಉಂಟು, ಅವತ್ತೇ ಹೇಳಿದ್ರೆ ಅವತ್ತೇ ನೋಡ್ತಿದ್ವಿ, ಆರು ತಿಂಗಳು ಒಬ್ಳೇ ಹೊತ್ಕೊಂಡಿದ್ದೀಯಲ್ಲ, ಚುಕ್ಕಿ ಅಪ್ಪನ ತೋಳಿಂದ ಜಾರಿ ಅವಳ ತೊಡೆಗೆ ಬಂದಳು, ಚುಚ್ಚಿದ ಬೆರಳನ್ನು ಅವಳ ಬಾಯಿಗೇ ತಂದು ಇಟ್ಟಳು, ಊದು ಎಂದು, ಯಾರು ಚುಚ್ಚಿಸಿದರೋ ಅವರೇ ಊದಬೇಕು, ಊದಿದಳು, ಉಸಿರು ನಡುಗಿ ಸೀಟಿ ಹೊಡೆದ ಹಾಗಾಯಿತು, ಮಗು ನಕ್ಕಿತು, ಮತ್ತೆ ಎಂದಿತು.

ಗಂಟೆ ಹೊಡೆಯಿತು. ಆಸ್ಪತ್ರೆಯ ಗೋಡೆಗಳು ಅಲ್ಲಾಡಿರಬೇಕು, ಅವಳಿಗಂತೂ ಅಲ್ಲಾಡಿದವು, ಸಿಸ್ಟರ್ ರಿಜಿಸ್ಟರನ್ನು ಎತ್ತಿದರು, ತಾವು ನೋಡಿದರು, ಮುಖದಲ್ಲಿ ಒಂದು ಗೆರೆ ಕದಲಲಿಲ್ಲ, ಕಾರ್ಡನ್ನು ಎರಡು ಬೆರಳಲ್ಲಿ ಅವಳ ಕಡೆ ತಳ್ಳಿದರು, ಅಷ್ಟು ದೊಡ್ಡ ಕಣ್ಣಿದೆ ಅಂತೀಯಲ್ಲ, ನೀನೇ ಓದು, ಅವಳ ಕೈ ತಾನಾಗಿ ಚೀಲದೊಳಗೆ ಭೂತಗನ್ನಡಿಗೆ ಹೋಯಿತು, ಗಂಡ ಮಣಿಕಟ್ಟು ಹಿಡಿದ, ಬೇಡ ಕಣೇ, ಬರಿಗಣ್ಣಲ್ಲಿ, ಬರಿಗಣ್ಣು ಎಂದರೆ ಎಷ್ಟು ಬರಿ ಎಂದು ಇವತ್ತು ಗೊತ್ತಾಯಿತು, ಸಿ ಪಕ್ಕ ಒಂದು ಗೆರೆ, ಕೆಂಪು, ನೆಟ್ಟಗೆ, ಅಂಚು ಕದಡಿಲ್ಲ, ಒಳ್ಳೆ ಕೆಲಸ, ಅಲ್ಲಿಂದ ಕಣ್ಣನ್ನು ಸರಿಸಬೇಕು, ಒಂದು ಭತ್ತದ ಕಾಳಿನಷ್ಟು ದೂರ, ಸೇತುವೆ ದಾಟಿದ ಹಾಗೆ ದಾಟಿಸಬೇಕು, ದಾಟಿಸಿದಳು, ಟಿ ಪಕ್ಕ — ಎಡ ಅಂಚಿನಿಂದ ಶುರುಮಾಡಿದಳು, ಹಾಳೆ ನೋಡುವ ಹಾಗೆ, ಮೇಲಿಂದ ಕೆಳಗೆ, ಮತ್ತೆ ಮೇಲಿಂದ, ಬೆಳಕಿಗೆ ಓರೆ ಮಾಡಿ, ನೆರಳಿಗೆ ಓರೆ ಮಾಡಿ, ಇನ್ನೂ ಅಚ್ಚಾಗದ ಹಾಳೆಯಲ್ಲೇ ಹತ್ತು ದೋಷ ಹುಡುಕುವ ಕಣ್ಣು, ಐದು ಇದೆಯೇ, ಎರಡು, ಒಂದು, ಅರ್ಧ, ಒಂದೇ ಗೆರೆ, ಬರ್ಕೊಳ್ಳಲಾ ಎಂದರು ಸಿಸ್ಟರ್, ಬರೆದುಕೊಳ್ಳಿ ಎಂದ ಗಂಡ, ಆರನೇ ಮಾತು, ಪೆನ್ನಿನ ಸದ್ದು, ಮೇಷ್ಟ್ರು ಏನೋ ಹೇಳುತ್ತಿದ್ದಾರೆ, ಇನ್ನು ಅವಳದು ಅವಳಿಗೇ ತಾಯಿ, ನಿನ್ನದೆಲ್ಲ ಮುಗೀತು, ದಡಾರಕ್ಕೆ ಹಾಕಿಸಿದ ಚುಚ್ಚುಮದ್ದಿದೆ, ಉಳಿದದ್ದನ್ನ ಅವಳ ಮೈ ತಾನೇ ನೋಡ್ಕೊಳತ್ತೆ, ನಿನ್ನದೆಲ್ಲ ಮುಗೀತು, ಬೈಂಡಿಂಗಿನ ಹೆಂಗಸರಿಗೆ ಹೇಳಬೇಕು, ಏನೆಂದು ಹೇಳುವುದು, ಅವರಿಗೆ ಏನೂ ಗೊತ್ತಿಲ್ಲ, ಬಾಗಿಲ ಮುದುಕನಿಗಾದರೂ, ಒಂದು ಬಿಳಿ ನೋಡಿದೆ ಕಣಪ್ಪ ಎಂದು, ಎಂಥ ಬಿಳಿ ಎಂದರೆ, ಹಾಲಿನಂಥ — ಹಾಲು ಬೇಡ, ಹತ್ತಿಯಂಥ, ಅಲ್ಲ, ನಮ್ಮ ಗೋದಾಮಿನ ಅತ್ಯುತ್ತಮ ಕಾಗದಕ್ಕಿಂತ ಸಾವಿರ ಪಾಲು — ಸಾವಿರವೂ ಅಲ್ಲ, ಸೊನ್ನೆ ಸೇರಿಸಲು ಹಿಂದೆ ಒಂದಂಕಿಯೂ ಇಲ್ಲ, ನನ್ನದು ಇಲ್ಲೇ ಇತ್ತು, ಇಲ್ಲೇ, ಎಂಬತ್ತೋ ಐವತ್ತೋ ಹತ್ತೋ ಏನೋ ಇತ್ತು, ನನ್ನ ಕೈಬರಹ, ಈಗ ಉಗುರು ಇಟ್ಟು ತೋರಿಸಲೂ ಗುರುತಿಲ್ಲ, ರೀ, ಇಲ್ಲಿ ನೋಡಿ, ಎಲ್ಲಿ, ಇಲ್ಲಿ, ಏನಿದೆಯೇ ಅಲ್ಲಿ, ಮಗುವಿನ ಬೆರಳು ಕಾರ್ಡಿನ ಕಡೆ ಬರುತ್ತಿದೆ, ಮುಟ್ಟಬೇಡ ಮಗಾ, ಮುಟ್ಟಬೇಡ, ಏನಿದೆ, ಬಿಳಿ, ಗೆರೆ ಇರಬೇಕಾದ ಜಾಗದಲ್ಲಿ ಬಿಳಿ, ಆ ಜಾಗದಲ್ಲಿ, ಬಿಳಿ, ಬಿಳಿ —